ಕಾಗದದ ನಕ್ಷತ್ರ: ಕೈಯಾರೆ ಮಾಡಿ ಕೊಡುವ ಕಾಣಿಕೆ

ಕೊಡುವ ಮಾತು ನಮ್ಮ ಗುಡ್ಡಾಪುರಕ್ಕೆ ಹೊಸದಲ್ಲ. ಇದೇ ಜತ್ತ ತಾಲೂಕಿನ ಉಮರಾಣಿಯಲ್ಲಿ ಲಿಂಗಮ್ಮನೆಂಬ ಹೆಸರಿನಿಂದ ಹುಟ್ಟಿದ 12ನೆಯ ಶತಮಾನದ ಶರಣೆ ತನ್ನ ದಾನಗುಣದಿಂದಲೇ ದಾನಮ್ಮ ಎನಿಸಿಕೊಂಡಳೆಂದು ಐತಿಹ್ಯ ಹೇಳುತ್ತದೆ. ಛಟ್ಟಿ ಅಮವಾಸ್ಯೆಯ ಜಾತ್ರೆಗೆಂದು ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸೊಲ್ಲಾಪುರದ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಭಕ್ತರಿಗೆ ದಾರಿಯ ಊರಿನವರು ಊಟ-ನೀರು ನೀಡುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡುತ್ತ ಬೆಳೆದವರು. ಇಂಥ ಊರಿನ ಕನ್ನಡ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಬಹುಕಾಲ ಕಾರ್ಯಾನುಭವದ ತಾಸುಗಳನ್ನು ತೆಗೆದುಕೊಂಡ ನನಗೆ ತೋಚಿದ ವಿಷಯವಿದು. ವಿಷಯ ಸಣ್ಣದು, ಕಾಗದದ ಒಂದು ಪಟ್ಟಿಯಷ್ಟೇ. ಆದರೆ ಅದನ್ನು ಮಡಿಚಿ ಕೊಡುವುದರಲ್ಲಿ ಸಣ್ಣತನವಿಲ್ಲವೆಂಬುದನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ಇಂದು ಉಡುಗೊರೆ ಎಂದೊಡನೆ ನಮ್ಮ ಕಣ್ಣು ಪೇಟೆಯ ಕಡೆಗೆ ತಿರುಗುತ್ತದೆ. ಹುಟ್ಟುಹಬ್ಬವಿರಲಿ, ಬೀಳ್ಕೊಡುವ ಸಮಾರಂಭವಿರಲಿ, ಹೊಳೆಯುವ ಕಾಗದದಲ್ಲಿ ಸುತ್ತಿದ ಪೊಟ್ಟಣವಿಲ್ಲದೆ ಹೋಗಲು ಮಕ್ಕಳು ಸಂಕೋಚಪಡುತ್ತಾರೆ. ಕೊಟ್ಟವನ ಮನೆಯ ಸ್ಥಿತಿ ಆ ಪೊಟ್ಟಣದಿಂದಲೇ ತಿಳಿದುಹೋಗುತ್ತದೆ. ತೆಗೆದುಕೊಂಡವನಿಗೂ ಅಷ್ಟೇ ಬೆಲೆಯ ಮುಯ್ಯಿಯನ್ನು ಹಿಂದಿರುಗಿಸುವ ಚಿಂತೆ ಹತ್ತುತ್ತದೆ. ಆದರೆ ನಮ್ಮ ಹಿರಿಯರು ಇದಕ್ಕಿಂತ ಬೇರೆಯಾದ ಒಂದು ರೀತಿಯನ್ನೂ ಕಲಿಸಿದ್ದಾರೆ. ವಿಜಯದಶಮಿಯ ಸಂಜೆ ಊರಿನ ಗೌಡರೂ ಕೂಲಿಯವರೂ ಒಬ್ಬರ ಕೈಗೊಬ್ಬರು ಬನ್ನಿಯ ಎಲೆ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎನ್ನುತ್ತಾರೆ. ಎಲೆಗೆ ಪೇಟೆಯಲ್ಲಿ ಬೆಲೆಯಿಲ್ಲ. ಕೈಯಿಂದ ಕೈಗೆ ದಾಟುವಾಗ ಅದು ಬಂಗಾರವಾಗುತ್ತದೆ. ಸಂಕ್ರಾಂತಿಯ ಕುಸುರೆಳ್ಳಿನ ಮಾತೂ ಹೀಗೆಯೇ. ಕಾಗದದ ನಕ್ಷತ್ರವನ್ನು ನಾನು ಈ ಸಾಲಿಗೆ ಸೇರಿಸುತ್ತೇನೆ.

ಮಡಿಕೆಯ ವಿದ್ಯೆಯ ಹಿನ್ನೆಲೆ

ಕಾಗದ ಮಡಿಚುವ ಕಲೆಗೆ ಜಪಾನೀ ಭಾಷೆಯಲ್ಲಿ ‘ಒರಿಗಾಮಿ’ ಎಂಬ ಹೆಸರಿದೆ. ಮಡಿಕೆ ಮತ್ತು ಕಾಗದ ಎಂಬ ಎರಡು ಪದಗಳು ಕೂಡಿ ಆದ ಹೆಸರಿದು. ಕಾಗದದ ಕೊಕ್ಕರೆಗಳನ್ನು ಮಡಿಚಿ ರೋಗಿಗಳಿಗೆ ಕಾಣಿಕೆ ಕೊಡುವ ಪದ್ಧತಿ ಆ ದೇಶದಲ್ಲಿದೆ. ಹಿರೋಶಿಮಾದ ಅಣುಬಾಂಬಿನ ವಿಕಿರಣದಿಂದ ಕಾಯಿಲೆಬಿದ್ದ ಸಡಾಕೊ ಸಸಾಕಿ ಎಂಬ ಬಾಲೆ, ಆಸ್ಪತ್ರೆಯಲ್ಲಿ ಔಷಧಿ ಸುತ್ತಿ ಬರುತ್ತಿದ್ದ ಕಾಗದವನ್ನೂ ಬಿಡದೆ ಕೊಕ್ಕರೆಗಳನ್ನು ಮಡಿಚುತ್ತ, 1955ರಲ್ಲಿ ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ನೆನಪಿಗೆ 1958ರಲ್ಲಿ ನಿಲ್ಲಿಸಿದ ಮಕ್ಕಳ ಶಾಂತಿ ಸ್ಮಾರಕಕ್ಕೆ ಇಂದಿಗೂ ಲೋಕದ ನಾನಾ ದೇಶಗಳ ಶಾಲಾ ಮಕ್ಕಳು ಕಾಗದದ ಕೊಕ್ಕರೆಗಳನ್ನು ಕಳುಹಿಸುತ್ತಾರೆ. ನಾನು ಇಲ್ಲಿ ವಿವರಿಸಲಿರುವ ಪುಟ್ಟ ನಕ್ಷತ್ರವೂ ಜಪಾನ್ ಮೊದಲಾದ ಪೂರ್ವದೇಶಗಳ ಮಕ್ಕಳಿಗೆ ಪ್ರಿಯವಾದದ್ದೇ. ‘ಅದೃಷ್ಟದ ನಕ್ಷತ್ರ’ವೆಂದು ಕರೆದು, ಗಾಜಿನ ಜಾಡಿಯಲ್ಲಿ ತುಂಬಿ ಗೆಳೆಯರಿಗೆ ಕೊಡುವುದು ಅಲ್ಲಿಯ ವಾಡಿಕೆ.

ಈ ವಿದ್ಯೆ ಶಾಲೆಯನ್ನು ಹೊಕ್ಕ ಕಥೆಯಲ್ಲಿಯೂ ಕಾಣಿಕೆಯ ಮಾತು ಬರುತ್ತದೆ. ಜರ್ಮನಿಯ ಶಿಕ್ಷಣತಜ್ಞ ಫ್ರೀಡ್ರಿಕ್ ಫ್ರೋಬೆಲ್ (1782–1852) ಚಿಕ್ಕಮಕ್ಕಳಿಗಾಗಿ 1837ರಲ್ಲಿ ಶಾಲೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಮಕ್ಕಳು ಕೈಯಲ್ಲಿ ಹಿಡಿದು ಕಲಿಯುವ ಚೆಂಡು, ದಿಮ್ಮಿ ಮೊದಲಾದ ಸಾಮಗ್ರಿಗಳನ್ನು ಅವರು ಕರೆದದ್ದು ‘ಕಾಣಿಕೆಗಳು’ ಎಂದು. ಬಣ್ಣದ ಕಾಗದದ ಮಡಿಕೆಯೂ ಅವರ ಪದ್ಧತಿಯಲ್ಲಿ ಸ್ಥಾನ ಪಡೆಯಿತು. ನಮ್ಮ ದೇಶದ ಟಿ. ಸುಂದರ ರಾವ್ ಅವರು ಕಿಂಡರ್‌ಗಾರ್ಟನ್ನಿನ ಕಾಗದ ಮಡಿಚುವ ಕಾಣಿಕೆಯಿಂದಲೇ ಪ್ರೇರಣೆ ಪಡೆದು, ಬರಿಯ ಕಾಗದ ಮಡಿಚಿ ರೇಖಾಗಣಿತವನ್ನು ಕಲಿಸುವ ಒಂದು ಇಂಗ್ಲಿಷ್ ಗ್ರಂಥವನ್ನು 1893ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದರು. ಹೆಸರಾಂತ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ತಮ್ಮ ಬರಹದಲ್ಲಿ ಹೆಸರಿಸಿದ ಮೇಲೆ, 1901ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಅದು ಮತ್ತೆ ಅಚ್ಚಾಯಿತು. ಪಂಚಕೋನಕ್ಕೆಂದೇ ಅದರಲ್ಲಿ ಒಂದು ಅಧ್ಯಾಯವಿದೆ.

ಕೈಗೆಲಸ ಕಲಿಕೆಯ ಅಂಗವಾಗಬೇಕೆಂಬ ವಿಚಾರವನ್ನು ಮಹಾತ್ಮಾ ಗಾಂಧಿಯವರು 1937ರ ವರ್ಧಾ ಸಮ್ಮೇಳನದಲ್ಲಿ ದೇಶದ ಮುಂದಿಟ್ಟರು. 1964–66ರ ಕೊಠಾರಿ ಆಯೋಗವು ಕಾರ್ಯಾನುಭವವನ್ನು ಶಾಲಾ ಶಿಕ್ಷಣದಲ್ಲಿ ಸೇರಿಸಬೇಕೆಂದು ಸಲಹೆ ಮಾಡಿತು. ಮಹಾರಾಷ್ಟ್ರದ ಶಾಲೆಗಳಲ್ಲಿ ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಕಾರ್ಯಾನುಭವದ ತಾಸಿನಲ್ಲಿ ಮಾಡಿದ ಆಕಾಶಬುಟ್ಟಿಗಳೂ ತೋರಣಗಳೂ ನೆನಪಿರಲೇಬೇಕು.

ಬೇಕಾಗುವ ಸಾಮಗ್ರಿ

ನಕ್ಷತ್ರಕ್ಕೆ ಅಂಟು ಬೇಡ, ದಾರ ಬೇಡ. ಕಾಗದ, ಅಳತೆಪಟ್ಟಿ, ಕತ್ತರಿ ಇಷ್ಟಿದ್ದರೆ ಸಾಕು. ಒಂದು ಬದಿ ಬಣ್ಣವಿದ್ದು ಇನ್ನೊಂದು ಬದಿ ಬಿಳಿಯಾಗಿರುವ ಕಾಗದ ಉತ್ತಮ. ಹಳೆಯ ಕ್ಯಾಲೆಂಡರಿನ ಹಾಳೆ, ಒಂದೇ ಮಗ್ಗುಲಲ್ಲಿ ಅಚ್ಚಾದ ಕರಪತ್ರ, ಬರೆದು ಮುಗಿಸಿದ ವಹಿಯ ಹಾಳೆ ಇವೂ ಆಗುತ್ತವೆ. ವೃತ್ತಪತ್ರಿಕೆಯ ಕಾಗದ ಮೆತ್ತಗಾದುದರಿಂದ ನಕ್ಷತ್ರ ಉಬ್ಬಿ ನಿಲ್ಲುವುದಿಲ್ಲ. ಲಗ್ನಪತ್ರಿಕೆಯ ದಪ್ಪ ಕಾಗದ ಮಡಿಕೆಯಲ್ಲಿ ಬಿರಿಯುತ್ತದೆ.

ಪಟ್ಟಿಯ ಅಗಲ 1 ಸೆಂಟಿಮೀಟರ್, ಉದ್ದ 25 ಸೆಂಟಿಮೀಟರಿಗೆ ಕಡಿಮೆಯಾಗದಂತೆ ಇರಲಿ. ಸಾಮಾನ್ಯ ಎ-4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದವಿರುತ್ತದೆ. ಅದನ್ನು ಉದ್ದುದ್ದವಾಗಿ ಕತ್ತರಿಸಿದರೆ 21 ಪಟ್ಟಿಗಳು ಸಿಗುತ್ತವೆ. ಐದು ಹಾಳೆಗೆ ನೂರಕ್ಕಿಂತ ಹೆಚ್ಚು ನಕ್ಷತ್ರಗಳಾದವು. ಅಗಲ ಮಾತ್ರ ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಗಿರಬೇಕು. ಒಂದು ಕಡೆ ಹಿಗ್ಗಿ ಒಂದು ಕಡೆ ಕುಗ್ಗಿದ ಪಟ್ಟಿಯಿಂದ ಓರೆಯಾದ ನಕ್ಷತ್ರವೇ ಆಗುತ್ತದೆ. ಆದುದರಿಂದ ಮೊದಲು ಸೀಸದಕಡ್ಡಿಯಿಂದ ಗೆರೆ ಎಳೆದುಕೊಂಡು, ಆಮೇಲೆ ಕತ್ತರಿ ಹಿಡಿಯುವುದು ಲೇಸು.

ಮಾಡುವ ಕ್ರಮ

ಮೊದಲನೆಯದಾಗಿ, ಪಟ್ಟಿಯ ಒಂದು ತುದಿಯಲ್ಲಿ ಸಣ್ಣ ಕುಣಿಕೆ ಮಾಡಿ, ಆ ಗಿಡ್ಡ ತುದಿಯನ್ನು ಕುಣಿಕೆಯೊಳಗಿಂದ ದಾಟಿಸಿರಿ. ದಾರಕ್ಕೆ ಗಂಟು ಹಾಕುವುದೂ ಹೀಗೆಯೇ ಅಲ್ಲವೇ? ಬಳಿಕ ಎರಡೂ ತುದಿಗಳನ್ನು ಮೆಲ್ಲಮೆಲ್ಲನೆ ಎಳೆಯುತ್ತ, ಗಂಟು ಸುಕ್ಕಾಗದಂತೆ ಬೆರಳಿನಿಂದ ಚಪ್ಪಟೆಯಾಗಿ ಒತ್ತಿರಿ. ಆಗ ಐದು ಬದಿಗಳ ಒಂದು ಆಕೃತಿ ತಾನಾಗಿ ಮೂಡುತ್ತದೆ.

ಎರಡನೆಯದಾಗಿ, ಹೊರಗೆ ಉಳಿದ ಗಿಡ್ಡ ತುದಿಯನ್ನು ಹಿಂದಕ್ಕೆ ಮಡಿಚಿ, ಗಂಟಿನ ಪದರಿನೊಳಗೆ ಸೇರಿಸಿಬಿಡಿರಿ. ಅದು ಉದ್ದವೆನಿಸಿದರೆ ತುಸು ಹರಿದುಕೊಳ್ಳಬಹುದು.

ಮೂರನೆಯದಾಗಿ, ಉದ್ದನೆಯ ತುದಿಯನ್ನು ಪಂಚಕೋನದ ಸುತ್ತ ಸುತ್ತುತ್ತ ಹೋಗಿರಿ. ಪಟ್ಟಿ ತಾನು ಹೋಗಬೇಕಾದ ದಿಕ್ಕನ್ನು ತಾನೇ ತೋರಿಸುತ್ತದೆ. ಅದು ಬದಿಗೆ ಸರಿಯಾಗಿ ಕೂಡುವಂತೆ ನೋಡಿಕೊಂಡರಾಯಿತು. 25 ಸೆಂಟಿಮೀಟರಿನ ಪಟ್ಟಿ ಹನ್ನೆರಡರಿಂದ ಹದಿನಾಲ್ಕು ಮಡಿಕೆಗಳನ್ನು ತೆಗೆದುಕೊಳ್ಳುತ್ತದೆ. ಇಲ್ಲಿ ಬಿಗಿಯಾಗಿ ಎಳೆಯಬಾರದು. ಬಿಗಿದು ಸುತ್ತಿದ್ದು ಮುಂದೆ ಉಬ್ಬುವುದಿಲ್ಲ.

ನಾಲ್ಕನೆಯದಾಗಿ, ಕೊನೆಗೆ ಉಳಿಯುವ ಚೂರನ್ನು ಹತ್ತಿರದ ಪದರಿನೊಳಗೆ ಸಿಕ್ಕಿಸಿರಿ.

ಕೊನೆಯದಾಗಿ, ಈ ಚಪ್ಪಟೆ ಪಂಚಕೋನವನ್ನು ಒಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅಂಚಿನಿಂದ ಹಿಡಿದು, ಇನ್ನೊಂದು ಕೈಯ ಉಗುರಿನಿಂದ ಪ್ರತಿಯೊಂದು ಬದಿಯ ನಟ್ಟನಡುವೆ ಒಳಮುಖವಾಗಿ ಒತ್ತಿರಿ. ಐದೂ ಬದಿ ಒತ್ತಿದಾಗ ನಡುಭಾಗ ಉಬ್ಬಿ, ಐದು ಮೂಲೆಗಳು ಚೂಪಾಗಿ ಹೊರಬಂದು, ಅಂಗೈಯಲ್ಲಿ ನಕ್ಷತ್ರ ಕುಳಿತಿರುತ್ತದೆ. ಮೊದಲ ನಕ್ಷತ್ರಕ್ಕೆ ಹತ್ತು ನಿಮಿಷ ಹಿಡಿದರೂ ಹತ್ತನೆಯದಕ್ಕೆ ಎರಡೇ ನಿಮಿಷ ಸಾಕು. ಹಾಗೆ ನೋಡಿದರೆ ನೂರು ನಕ್ಷತ್ರಗಳ ಒಂದು ಡಬ್ಬಿ ಕೊಟ್ಟವರು ತಮ್ಮ ಆಯುಷ್ಯದ ಮೂರು ತಾಸು ಇಪ್ಪತ್ತು ನಿಮಿಷಗಳನ್ನು ಕೊಟ್ಟಂತಾಯಿತು.

ಐದು ಮೂಲೆಯ ಗುಟ್ಟು

ಬರಿಯ ಗಂಟಿನಿಂದ ಪಂಚಕೋನವೇ ಏಕೆ ಬರಬೇಕೆಂದು ಜಾಣ ಮಕ್ಕಳು ಕೇಳುತ್ತಾರೆ, ಕೇಳಬೇಕು ಕೂಡ. ಸಮಪಂಚಕೋನದಲ್ಲಿ ಪ್ರತಿಯೊಂದು ಬದಿಗೂ ಅದರ ಎದುರಿನ ಒಂದು ಕರ್ಣ ಸಮಾಂತರವಾಗಿರುತ್ತದೆ. ಪಟ್ಟಿಯ ಎರಡು ಅಂಚುಗಳೂ ಸಮಾಂತರವೇ. ಆದುದರಿಂದ ಪಟ್ಟಿ ಪಂಚಕೋನದ ಮೇಲೆ ಹಾಯುವಾಗ ಅದರ ಒಂದು ಅಂಚು ಬದಿಯಾಗಿಯೂ ಇನ್ನೊಂದು ಅಂಚು ಕರ್ಣವಾಗಿಯೂ ಕೂಡುತ್ತದೆ. ಅಗಲ ಎಲ್ಲೆಡೆಯೂ ಒಂದೇ ಆಗಿರುವುದರಿಂದ ಐದು ಬದಿಗಳೂ ಸಮನಾಗುತ್ತವೆ. 1 ಸೆಂಟಿಮೀಟರ್ ಅಗಲದ ಪಟ್ಟಿಯಿಂದ ಬರುವ ಪಂಚಕೋನದ ಬದಿ ಸುಮಾರು 1.05 ಸೆಂಟಿಮೀಟರ್. ಪ್ರತಿ ಮಡಿಕೆಗೆ ಹಿಡಿಯುವ ಪಟ್ಟಿಯ ಉದ್ದ ಅಗಲದ ಸುಮಾರು 1.38 ಪಟ್ಟು. ಇದರಿಂದ ತಿಳಿಯುವ ಮುಖ್ಯ ಸಂಗತಿಯೆಂದರೆ, ನಕ್ಷತ್ರಕ್ಕೆ ಬೇಕಾದದ್ದು ಇಂತಿಷ್ಟೇ ದೊಡ್ಡ ಕಾಗದವಲ್ಲ. ಅಗಲಕ್ಕೂ ಉದ್ದಕ್ಕೂ ಇರುವ ಪ್ರಮಾಣ. ಒಂದಕ್ಕೆ ಇಪ್ಪತ್ತೈದು ಎಂಬ ಪ್ರಮಾಣ ತಪ್ಪದಿದ್ದರೆ ಎಷ್ಟು ಕಿರಿದಾದ ಕಾಗದದಲ್ಲಿಯೂ ನಕ್ಷತ್ರವಿದೆ.

ಒಳಗಿನ ಬರಹ

ಇಷ್ಟು ಮಾತ್ರವಾದರೆ ಅದೊಂದು ಅಲಂಕಾರದ ವಸ್ತು. ಅದನ್ನು ಕಾಣಿಕೆಯಾಗಿ ಮಾಡುವುದು ಒಳಗಿನ ಬರಹ. ಮಡಿಚುವ ಮೊದಲು ಪಟ್ಟಿಯ ಬಿಳಿಯ ಬದಿಯಲ್ಲಿ, ಎರಡೂ ತುದಿಗೆ ಎರಡೆರಡು ಬೆರಳಿನಷ್ಟು ಜಾಗ ಬಿಟ್ಟು, ಒಂದು ಸಾಲು ಬರೆಯಬಹುದು. ಒಂದು ಸೆಂಟಿಮೀಟರ್ ಅಗಲದಲ್ಲಿ ಕನ್ನಡದ ಒತ್ತಕ್ಷರಗಳಿಗೂ ಕೆಳಗೆ ಸಾಕಷ್ಟು ಸ್ಥಳ ಸಿಗುತ್ತದೆ. ಏಳೆಂಟು ಪದಗಳು ಹಿಡಿಸುತ್ತವೆ. ಸುತ್ತುವಾಗ ಬರಹವೆಲ್ಲ ಒಳಗೆ ಅಡಗುತ್ತದೆ. ಪಡೆದವರು ತುದಿಯನ್ನು ಬಿಡಿಸಿ, ಓದಿ, ಹಳೆಯ ಗೆರೆಗಳ ಮೇಲೆಯೇ ಮತ್ತೆ ಮಡಿಚಬಹುದು. ಕಾಗದ ತನ್ನ ಮಡಿಕೆಯನ್ನು ಮರೆಯುವುದಿಲ್ಲ.

ಇದರ ಬೆಲೆ ನನಗೆ ತಿಳಿದದ್ದು ತಾಲೂಕಿನ ಇನ್ನೊಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾಗ. ನಮ್ಮದು ಮಳೆ ಕೈಕೊಡುವ ಸೀಮೆ. ದಸರೆ-ದೀಪಾವಳಿ ಮುಗಿಯುತ್ತಲೇ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆಗೆ ಹೊರಡುತ್ತವೆ. ಮನೆಯಲ್ಲಿ ನೋಡಿಕೊಳ್ಳುವ ಹಿರಿಯರಿಲ್ಲದಿದ್ದರೆ ಮಕ್ಕಳೂ ಜೊತೆಗೆ ಹೋಗಬೇಕಾಗುತ್ತದೆ. ಛಟ್ಟಿ ಅಮವಾಸ್ಯೆಯ ಜಾತ್ರೆಯೂ ಅವರಿಗೆ ತಪ್ಪುತ್ತದೆ. ನಾಲ್ಕೈದು ತಿಂಗಳು ಕನ್ನಡದ ಒಂದು ಅಕ್ಷರವೂ ಕಣ್ಣಿಗೆ ಬೀಳದ ಜಾಗದಲ್ಲಿ ಇದ್ದು ಯುಗಾದಿಯ ಹೊತ್ತಿಗೆ ಮರಳುವ ಮಗು, ಕಲಿತ ಒತ್ತಕ್ಷರಗಳನ್ನು ಮರೆತು ಹಿಂದಿನ ಬೆಂಚಿಗೆ ಸರಿಯುತ್ತದೆ. ಹಲವರು ಮುಂದಿನ ವರ್ಷ ಶಾಲೆಗೇ ಬರುವುದಿಲ್ಲ.

ಒಂದು ವರ್ಷ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಹೀಗೆ ಹೊರಟಾಗ, ಕಾರ್ಯಾನುಭವದ ತಾಸಿನಲ್ಲಿ ಉಳಿದ ಇಪ್ಪತ್ತೆಂಟು ಮಕ್ಕಳಿಂದ ತಲಾ ಐದು ನಕ್ಷತ್ರಗಳನ್ನು ಮಾಡಿಸಿದೆ. ಒಟ್ಟು 140, ದಿನಕ್ಕೊಂದು ಬಿಡಿಸಿದರೆ ಹಂಗಾಮು ಕಳೆಯುತ್ತದೆ. ಏನು ಬರೆಯಬೇಕೆಂದು ನಾನು ಹೇಳಲಿಲ್ಲ. ಶಾಲೆಯ ಹಿಂದಿನ ಬೇವಿನ ಮರದಲ್ಲಿ ಗಿಳಿ ಗೂಡು ಮಾಡಿದ್ದನ್ನು ಒಬ್ಬ ಬರೆದ. ಇನ್ನೊಬ್ಬಳು ಒಗಟು ಬರೆದು, ಉತ್ತರವನ್ನು ನೀನು ಬಂದ ಮೇಲೆ ಹೇಳುತ್ತೇನೆಂದಳು. ಮತ್ತೊಬ್ಬ ಆಕೆಯ ಪಾಟಿಯನ್ನು ತಾನು ಒಡೆದದ್ದನ್ನು ಕೊನೆಗೂ ಒಪ್ಪಿಕೊಂಡ. ಗಾಜಿನ ಜಾಡಿ ಬಂಡಿಯಲ್ಲಿ ಉಳಿಯಲಾರದೆಂದು ತಗಡಿನ ಡಬ್ಬಿಯೊಂದರಲ್ಲಿ ಎಲ್ಲವನ್ನೂ ತುಂಬಿಕೊಟ್ಟೆವು.

ಯುಗಾದಿಯಾದ ಮೇಲೆ ಆ ಹುಡುಗಿ ಮರಳಿ ಬಂದಳು. ಪಾಠಗಳಲ್ಲಿ ಹಿಂದೆ ಬಿದ್ದಿದ್ದಳೆಂಬುದು ನಿಜ. ಭಾಗಾಕಾರವನ್ನು ಮೊದಲಿನಿಂದ ಹೇಳಿಕೊಡಬೇಕಾಯಿತು. ಆದರೆ ಓದು ಮಾತ್ರ ಆಕೆಯ ಕೈಬಿಟ್ಟಿರಲಿಲ್ಲ. ತಂದ ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ, ನಮ್ಮ ನಕ್ಷತ್ರಗಳ ನಡುವೆ ಅವುಗಳ ಅರ್ಧದಷ್ಟೇ ಗಾತ್ರದ ಇಪ್ಪತ್ತೆಂಟು ನಕ್ಷತ್ರಗಳು ಹೊಸದಾಗಿ ಸೇರಿದ್ದವು. ಕಬ್ಬಿನ ತೂಕದ ಹಳೆಯ ಚೀಟಿಗಳನ್ನು ಕತ್ತರಿಸಿ ಮಾಡಿದವು ಅವು. ಇಷ್ಟು ಚಿಕ್ಕದು ಹೇಗೆ ಬಂತೆಂದು ಕೇಳಿದೆ. ‘ಚೀಟಿ ಸಣ್ಣದಿತ್ತರೀ ಗುರುಗಳ, ಅದಕ್ಕ ಪಟ್ಟಿನೂ ಸಣ್ಣದು ಕತ್ತರಿಸಿದೆ’ ಎಂದಳು. ಒಂದಕ್ಕೆ ಇಪ್ಪತ್ತೈದರ ಪ್ರಮಾಣವನ್ನು ನಾನು ಆ ತರಗತಿಗೆ ಹೇಳಿಯೇ ಇರಲಿಲ್ಲ. ಕೊಡಬೇಕೆಂಬ ಆಸೆ ಆಕೆಗೆ ಅದನ್ನು ಕಲಿಸಿತ್ತು. ಒಂದೊಂದರ ಒಳಗೆ ಒಬ್ಬೊಬ್ಬ ಗೆಳೆಯರ ಹೆಸರು, ಕೆಳಗೆ ಅವರ ಮಾತಿಗೆ ಉತ್ತರ. ಪಾಟಿ ಒಡೆದವನಿಗೆ ಕ್ಷಮೆಯೂ ಸಿಕ್ಕಿತ್ತು. ಆ ಮುಯ್ಯಿಯಲ್ಲಿ ಯಾರೂ ಯಾರಿಗೂ ಸಾಲಗಾರರಾಗಲಿಲ್ಲ. ಮುಂದಿನ ವರ್ಷದಿಂದ, ಹೊರಡುವ ಮಕ್ಕಳೆಲ್ಲರಿಗೂ ಡಬ್ಬಿ ಕಟ್ಟಿಕೊಡುವುದು ನಮ್ಮ ತರಗತಿಯ ಪದ್ಧತಿಯಾಯಿತು. ಬಿಳಿಯ ಪಟ್ಟಿಗಳ ಒಂದು ಕಟ್ಟನ್ನೂ ಸೀಸದಕಡ್ಡಿಯನ್ನೂ ಜೊತೆಗಿಡುವುದನ್ನು ಆ ಹುಡುಗಿಯಿಂದಲೇ ಕಲಿತೆವು.

ಕೊಡುವಾಗ ಕೆಲವು ಸೂಚನೆಗಳು

ನಕ್ಷತ್ರಗಳ ಸಂಖ್ಯೆಗಿಂತ ಪಡೆಯುವವರ ನೆನಪು ಮುಖ್ಯ. ಪಂಚಮಿಗೆ ತವರಿಗೆ ಬಂದ ಅಕ್ಕನಿಗೆ ಐದೇ ನಕ್ಷತ್ರ ಕೊಟ್ಟರೂ ಸಾಕು. ಒಳಗೆ ಮನೆಯವರು ಒಬ್ಬೊಬ್ಬರು ಒಂದು ಸಾಲು ಬರೆದಿರಲಿ. ನಿವೃತ್ತರಾಗುವ ಗುರುಗಳಿಗೆ ಅವರ ಸೇವೆಯ ವರ್ಷಕ್ಕೊಂದರಂತೆ ಕೊಡಬಹುದು. ಕಣ್ಣು ಮಂಜಾದ ಅಜ್ಜ-ಅಜ್ಜಿಯರಿಗೆ ಪಟ್ಟಿಯನ್ನು 2 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದ ಮಾಡಿ ದಪ್ಪಕ್ಷರದಲ್ಲಿ ಬರೆಯಬೇಕು. ಅಷ್ಟು ಉದ್ದದ ಹಾಳೆ ಇಲ್ಲದಿದ್ದರೆ ಎರಡು ಪಟ್ಟಿಗಳನ್ನು ಅಂಟಿಸಿಕೊಳ್ಳಬಹುದು. ಆಸ್ಪತ್ರೆಯಲ್ಲಿರುವವರಿಗೆ ಹೂವಿನ ಬದಲು ಇದನ್ನು ಒಯ್ದರೆ ಬಾಡುವುದಿಲ್ಲ. ಶಾಯಿಯ ಲೇಖಣಿಗಿಂತ ಸೀಸದಕಡ್ಡಿ ಅಥವಾ ಬಾಲ್‌ಪೆನ್ನು ವಾಸಿ. ಶಾಯಿ ಮಡಿಕೆಯಲ್ಲಿ ಹರಡುತ್ತದೆ. ಡಬ್ಬಿ ಒಣಗಿರಲಿ. ತೀರ ಚಿಕ್ಕ ಕೂಸುಗಳ ಕೈಗೆ ಸಿಗದಂತೆ ಇಡಬೇಕೆಂಬುದನ್ನೂ ಮರೆಯಬಾರದು. ಅವು ಬಾಯಿಗೆ ಹಾಕಿಕೊಳ್ಳುತ್ತವೆ.

ಕೈ ಪಳಗಿದವರು ಮುಂದೆ ನಾಲ್ಕು ಪಟ್ಟಿಗಳನ್ನು ಹೆಣೆದು ಮಾಡುವ ದೊಡ್ಡ ನಕ್ಷತ್ರವನ್ನೂ ಕಲಿಯಬಹುದು. ಜರ್ಮನಿಯಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ಅದನ್ನು ತೂಗುಬಿಡುತ್ತಾರೆ. ಅದರ ಹೆಸರು ಫ್ರೋಬೆಲ್ ನಕ್ಷತ್ರ. ಫ್ರೋಬೆಲ್ಲರು ಅದನ್ನು ಕಂಡುಹಿಡಿದವರಲ್ಲ. ಮಕ್ಕಳ ಕೈಗೆ ಕಾಗದ ಕೊಟ್ಟ ಗುರುವಿಗೆ ಗೌರವವಾಗಿ ಆ ಹೆಸರು ಬಂದಿದೆ. ನಮ್ಮ ದೀಪಾವಳಿಯ ಆಕಾಶಬುಟ್ಟಿಯ ಪಕ್ಕದಲ್ಲಿ ತೂಗಲು ಅದು ತಕ್ಕುದಾಗಿದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಅರಿಕೆ

ಈ ಶಾಲೆಯಲ್ಲಿ ಅಕ್ಷರ ಕಲಿತ ಅನೇಕರು ಇಂದು ಸಾಂಗಲಿ, ಸೊಲ್ಲಾಪುರ, ಪುಣೆ, ಮುಂಬಯಿಗಳಲ್ಲಿ ನೆಲೆಸಿದ್ದೀರಿ. ನಿಮ್ಮ ಮಕ್ಕಳು ಮರಾಠಿಯನ್ನೋ ಇಂಗ್ಲಿಷನ್ನೋ ಮಾಧ್ಯಮವಾಗಿ ಓದುತ್ತಿರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತನಾಡುವ ಮಗು, ಊರಿಗೆ ಬಂದಾಗ ಅಜ್ಜಿ ಬರೆದ ಒಂದು ಸಾಲನ್ನು ಓದಲಾರದೆ ನಿಲ್ಲುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಅಜ್ಜಿಯೂ ಸುಮ್ಮನಾಗುತ್ತಾಳೆ, ಮಗುವೂ ಸುಮ್ಮನಾಗುತ್ತದೆ. ಅಂಥ ಮಗುವಿಗೆ ಪಾಠವೆಂದು ಹೇಳದೆ ವಾರಕ್ಕೊಂದು ನಕ್ಷತ್ರ ಕೊಡಿರಿ. ಮೊದಲ ವಾರ ಒಳಗೆ ಅದರ ಹೆಸರಿರಲಿ, ಮುಂದಿನ ವಾರ ಊರಿನ ಹೆಸರು, ಆಮೇಲೆ ಒಂದು ಪುಟ್ಟ ವಾಕ್ಯ. ಬಿಡಿಸಿ ನೋಡುವ ಕುತೂಹಲಕ್ಕೆ ಮಗು ಅಕ್ಷರಗಳನ್ನು ಕೂಡಿಸುತ್ತದೆ. ಒಂದು ದಿನ ತಾನೂ ಬರೆದು ಮಡಿಚುತ್ತದೆ. ಆ ನಕ್ಷತ್ರ ಅಂಚೆಯ ಲಕೋಟೆಯಲ್ಲಿ ಗುಡ್ಡಾಪುರಕ್ಕೆ ಬರಲಿ. ಲಕೋಟೆಯಲ್ಲಿ ಹಾಕುವಾಗ ಮಾತ್ರ ಉಬ್ಬಿಸದೆ ಚಪ್ಪಟೆಯಾಗಿಯೇ ಇಟ್ಟು, ಐದು ಬದಿ ಒತ್ತುವ ಕೆಲಸವನ್ನು ಅಜ್ಜಿಗೆ ಬಿಡುವುದು ಒಳ್ಳೆಯದು.

ಐವತ್ತು ವರ್ಷಗಳ ಕಾಲ ನಮ್ಮ ಮಕ್ಕಳ ಕೈಗೆ ಅಕ್ಷರವನ್ನಿತ್ತ ಈ ವಿದ್ಯಾಮಂದಿರವು ನೂರರ ಸಂಭ್ರಮವನ್ನೂ ಕಾಣಲೆಂದು, ಇಲ್ಲಿ ಕಲಿತವರೆಲ್ಲರಿಗೂ ಕಲಿಸಿದವರೆಲ್ಲರಿಗೂ ಶುಭವಾಗಲೆಂದು ಹೃತ್ಪೂರ್ವಕವಾಗಿ ಹಾರೈಸುತ್ತೇನೆ.